ಹ ನುಂಗಿದ ಪ್ರಾರ್ಥನೆ

ನಮ್ಮ ಚರ್ಚಿಗೆ ಹೊಸ ಬೈಬಲಮ್ಮ ಬಂದಿದ್ದಾಳೆ. ಚಿಕ್ಕ ವಯಸ್ಸು. ಚೂಡಿದಾರ ಹಾಕುತ್ತಾಳೆ, ಕೂದಲನ್ನು ಕತ್ತಿನವರೆಗೆ ಕತ್ತರಿಸಿದ್ದಾಳೆ, ಸ್ಕೂಟರಿನಲ್ಲಿ ಓಡಾಡುತ್ತಾಳೆ. ಮೊದಲ ಭಾನುವಾರವೇ ಬೇವಿನ ಮರದ ಕೆಳಗೆ ನಮ್ಮ ಹೆಂಗಸರು ಶುರು ಮಾಡಿದರು.

"ಇವ್ಳೇನಮ್ಮಿ ಪ್ರಾರ್ಥನೆ ಮಾಡಾಳು, ಸ್ಕೂಟ್ರು ಓಡಿಸ್ಕಂಡು ಓಯ್ತಾಳೆ ಅಷ್ಟೆ" ಎಂದಳು ಒಬ್ಬಳು.

"ತಲೆ ಬಾಚಾಕೂ ಸೋಮಾರಿ ಅಂತ ಕತ್ತರಿಸ್ಕಂಡವ್ಳೆ" ಎಂದಳು ಇನ್ನೊಬ್ಬಳು.

ನಾನು "ಅವ್ಳ ಮನೇಲಿ ಉಂಡಿದ್ದೀರಾ?" ಎಂದೆ. ಆ ಮಾತು ನನ್ನದಲ್ಲ. ಹೋದ ತಿಂಗಳು ರಿಟೈರಾಗಿ ಬೀದರಿನ ಕಡೆಯ ತನ್ನೂರಿಗೆ ಹೋದ ಹಳೆಯ ಬೈಬಲಮ್ಮನದು.

ಸತ್ತವರ ಮೇಲೆ ಬರೆಯುವುದು ಸುಲಭ, ಅವರು ಓದುವುದಿಲ್ಲ. ಆಯಮ್ಮ ಗಟ್ಟಿಯಾಗಿ ಬದುಕಿದ್ದಾಳೆ. ಓದುತ್ತಾಳೆ, ಫೋನು ಮಾಡಿ ತಪ್ಪು ಹಿಡಿಯುತ್ತಾಳೆ. ಹೆಸರು ಮಾತ್ರ ಹಾಕಬೇಡಿ ಎಂದಿದ್ದಾಳೆ. ಹಾಗಾಗಿ ಹೆಸರು ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಆಯಮ್ಮ ನನಗೆ ಓದು ಕಲಿಸಿದಳು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಕಲಿಸಲಿಲ್ಲ. ನಾನು ಓದಿದ ಮೂರನೇ ಕ್ಲಾಸು ನನ್ನದೇ.

ಬೈಬಲಮ್ಮ ಎಂದರೆ ದೊಡ್ಡ ಹುದ್ದೆಯೇನಲ್ಲ. ಮನೆ ಮನೆಗೆ ಹೋಗಿ ಹೆಂಗಸರ ಜೊತೆ ಕೂತು ಬೈಬಲ್ ಓದಬೇಕು, ಕಾಯಿಲೆಯವರಿಗೆ ಪ್ರಾರ್ಥನೆ ಮಾಡಬೇಕು, ಜಗಳ ಆಡಿದವರನ್ನು ಒಂದೇ ಚಾಪೆಯ ಮೇಲೆ ಕೂರಿಸಬೇಕು, ಸ್ತ್ರೀಯರ ಸಂಘ ನಡೆಸಬೇಕು. ನಂಜನಗೂಡೂ ಆಯಮ್ಮನ ಪಾಲಿಗೆ, ಟಿ. ನರಸೀಪುರವೂ ಆಯಮ್ಮನ ಪಾಲಿಗೆ. ವಾರವೆಲ್ಲ ಬಸ್ಸಿನಲ್ಲೇ ಇರುತ್ತಿದ್ದಳು. ಕಂಡಕ್ಟರುಗಳು ತಾವೇ ಸೀಟು ಹಿಡಿದುಕೊಡುತ್ತಿದ್ದರು. ಭಕ್ತಿಗೆ ಅಲ್ಲ. ಸೀಟು ಸಿಗದಿದ್ದರೆ ಆಯಮ್ಮ ಇಂಜಿನ್ನಿನ ಪಕ್ಕ ನಿಂತು ಡ್ರೈವರಿನ ಮನೆಯ ಕಷ್ಟ ಕೇಳುತ್ತಿದ್ದಳು, ಬಸ್ಸು ತಡವಾಗುತ್ತಿತ್ತು.

ದಪ್ಪ ಹೆಂಗಸು. ಕೈತುಂಬ ಹಸಿರು ಗಾಜಿನ ಬಳೆ, ಕಾಲುಂಗುರ, ತಲೆಯ ಮೇಲೆ ಸೆರಗು, ಹಣೆಯ ನಡುವೆ ಹುರುಳಿಕಾಳಿನಷ್ಟು ಹಸಿರು ಬೊಟ್ಟು. ನಮ್ಮ ಸಂಘದಲ್ಲಿ ಯಾರ ಹಣೆಯಲ್ಲೂ ಏನೂ ಇರುವುದಿಲ್ಲ. ಬಳೆ ಇದ್ದರೂ ಸದ್ದು ಮಾಡುವ ಬಳೆ ಇರುವುದಿಲ್ಲ. ಆಯಮ್ಮ ಮೊದಲ ದಿನ ಒಳಗೆ ಬಂದಾಗ ಬೀಗರ ಮನೆಗೆ ಹೋಗಬೇಕಾದವಳು ದಾರಿ ತಪ್ಪಿ ಬಂದ ಹಾಗೆ ಇತ್ತು.

ಸಂಘದ ಅಧ್ಯಕ್ಷೆ ಟೀಚರಮ್ಮ. ಸ್ಕೂಲಿನಿಂದ ರಿಟೈರಾದರೂ ಸ್ಕೂಲು ಅವಳನ್ನು ಬಿಟ್ಟಿರಲಿಲ್ಲ. ನಾವು ಸಾಲಾಗಿ ಕೂರಬೇಕು, ತಡವಾಗಿ ಬಂದವರು ಕಾರಣ ಹೇಳಬೇಕು. ಅವಳು ತನ್ನ ಕರ್ಚೀಫನ್ನು ನೀರಿನಲ್ಲಿ ಅದ್ದಿ ಹಿಂಡಿ ಆಯಮ್ಮನ ಕೈಗೆ ಕೊಟ್ಟಳು.

"ಹಣೇಲಿ ಏನೋ ಅಂಟ್ಕೊಂಡಿದೆ, ಒರೆಸ್ಕೊಳ್ಳಿ."

ಆಯಮ್ಮ ಚೆನ್ನಾಗಿ ಒರೆಸಿಕೊಂಡಳು. "ಹೋಯ್ತೇನ್ರಿ?"

"ಇಲ್ಲ."

ಇನ್ನೂ ಒತ್ತಿ ಉಜ್ಜಿದಳು. "ಈಗ?"

"ಇಲ್ಲ."

"ಹೋಗಂಗಿಲ್ಲ ಬಿಡ್ರಿ. ನಾ ಸಣ್ಣಾಕಿ ಇದ್ದಾಗ ನಮ್ಮಾಯಿ ಹಚ್ಚಿ ಹಾಕ್ಸ್ಯಾಳ. ನಿಮ್ಮ ಕರ್ಚೀಫಿಗಿ ಇದು ಹೋಗೂದಿದ್ರ ಎಲ್ಲಿ ತಂದೀರಿ ಹೇಳ್ರಿ, ನಾನೂ ಒಂದು ಡಜನ್ ತರ್ತೀನಿ."

ಹಚ್ಚೆ ಎಂದು ಗೊತ್ತಾದ ಮೇಲೆ ನಾವೆಲ್ಲ ನಕ್ಕೆವು. ಟೀಚರಮ್ಮ ನಗಲಿಲ್ಲ. ಕರ್ಚೀಫನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಟೀಚರಮ್ಮನಿಗೆ ಹಣೆಗಳ ಮೇಲೆ ಅಷ್ಟು ಕಣ್ಣು ಬೀಳಲು ಕಾರಣ ಇತ್ತು. ಆ ಕಾರಣದ ಹೆಸರು ರೂತ್. ನನ್ನ ಪಕ್ಕದ ಮನೆಯ ರಾಹೇಲಮ್ಮನ ಒಬ್ಬಳೇ ಮಗಳು. ಸಂಘದಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ಅವಳು. ಅವಳು ಎತ್ತಿದರೆ ಉಳಿದ ನಮ್ಮ ದನಿಗಳೂ ಹಾಡಿನ ಹಾಗೆ ಕೇಳುತ್ತಿದ್ದವು. ಗಾರ್ಮೆಂಟ್ಸಿಗೆ ಹೋಗುವಾಗ ಸೋಸಲೆಯ ಹುಡುಗನೊಬ್ಬನನ್ನು ನೋಡಿದಳು, ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ಹಿಂದೂಗಳ ಮನೆ, ಬೇಸಾಯದವರು. ಮದುವೆಯಾದ ಮೇಲೊಂದು ಭಾನುವಾರ ಕುಂಕುಮ ಇಟ್ಟುಕೊಂಡು ಬಂದು ಮುಂದೆ ನಿಂತಳು. ಟೀಚರಮ್ಮ ಎಲ್ಲರ ಎದುರಿಗೆ "ಹಣೆ ತೊಳ್ಕೊಂಡು ಬಾ, ಆಮೇಲೆ ಹಾಡು" ಎಂದಳು. ರೂತ್ ಹೊರಗೆ ಹೋದಳು. ನಲ್ಲಿಯ ಹತ್ತಿರ ಹೋಗಲಿಲ್ಲ, ಬಸ್ ಸ್ಟ್ಯಾಂಡಿಗೆ ಹೋದಳು. ಅಲ್ಲಿಂದ ಮೂರು ವರ್ಷ ಈ ಕಡೆ ಬರಲಿಲ್ಲ. ರಾಹೇಲಮ್ಮನೂ ಆ ಕಡೆ ಹೋಗಲಿಲ್ಲ. ಬೀಗಿತ್ತಿ "ಕಿಲಸ್ತಾನ್ರು ನಮ್ಮನೆ ನೀರೂ ಮುಟ್ಟಾಕಿಲ್ವಂತೆ, ಇನ್ಯಾಕ್ ಬತ್ತಾರೆ" ಎಂದಳಂತೆ ಎಂದು ಯಾರೋ ಬಂದು ಹೇಳಿದ್ದರು. ಹೀಗೆ ಹೇಳುವವರಿಗೆ ಬಸ್ಸೂ ಬೇಡ, ಚಪ್ಪಲಿಯೂ ಬೇಡ. ಎಲ್ಲಿಂದ ಎಲ್ಲಿಗೆ ಬೇಕಾದರೂ ತಲುಪುತ್ತಾರೆ.

ಈಗ ಆಯಮ್ಮನ ಆ ಮಾತಿಗೆ ಬರುತ್ತೇನೆ. ನರಸೀಪುರದ ಹತ್ತಿರ ಶೀಟಿನ ಮನೆಯಲ್ಲಿ ಪ್ರಾರ್ಥನೆ ನಡೆಸುವ ಸಿಸ್ಟರ್ ಒಬ್ಬಳಿದ್ದಾಳೆ. ನಾವು ಚಪ್ಪಾಳೆ ಸಭೆ ಎನ್ನುವ ಪೆಂಟೆಕೋಸ್ಟ್ ಸಭೆಯವಳು. ಬಿಳಿ ಸೀರೆ, ಮೈಮೇಲೆ ಗುಲಗಂಜಿ ಚಿನ್ನ ಇಲ್ಲ. ಅವಳು ಪ್ರಾರ್ಥನೆಗೆ ನಿಂತರೆ ಬೀದಿಯ ಕೊನೆಯವರೆಗೂ ಕೇಳಿಸುತ್ತದೆ. ನಾವು ಒಮ್ಮೆ ಅವಳನ್ನು ಆಡಿಕೊಳ್ಳುತ್ತಿದ್ದೆವು, ದೇವರೇನು ಕಿವುಡನೇ ಎಂದು.

ಆಯಮ್ಮ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. "ಆಕಿ ಮನ್ಯಾಗ ಉಂಡೀರೇನ್ರಿ?"

"ಇಲ್ಲ."

"ಹಂಗಾರ ಸುಮ್ಮನ ಕೂಡ್ರಿ. ಉಂಡು ಬಂದು ಆಡ್ಕೋರಿ."

ಮುಂದಿನ ವಾರ ತಾನೇ ಹೋಗಿ ಉಂಡು ಬಂದಳು. ಸಿಸ್ಟರು ಮೊದಲು "ಆ ಬಳೆ ತೆಗ್ದಾಕ್ರಮ್ಮ, ಲೋಕದ ಆಸೆ ಅದು" ಎಂದಳಂತೆ. ಇವಳು "ಊಟ ಆಗ್ಲಿ, ಆಮ್ಯಾಲ ತಗಸ್ರಿ" ಎಂದಳಂತೆ. ಊಟ ಆಯಿತು, ಬಳೆ ಕೈಯಲ್ಲೇ ಉಳಿಯಿತು. ಅಷ್ಟು ಜೋರಾಗಿ ಯಾಕೆ ಪ್ರಾರ್ಥನೆ ಮಾಡುತ್ತೀರಿ ಎಂದು ನೇರವಾಗಿ ಕೇಳಿದ್ದಕ್ಕೆ ಸಿಸ್ಟರು ಮೂಲೆಯಲ್ಲಿ ಕೂತಿದ್ದ ಮುದುಕಿಯನ್ನು ತೋರಿಸಿ, "ದೇವ್ರಿಗಲ್ಲ ಕನಮ್ಮ, ನಮ್ಮವ್ವಂಗೆ ಕಿವಿ ಕೇಳಾಕಿಲ್ಲ. ಅವ್ಳಿಗೂ ಕೇಳ್ಲಿ ಅಂತ ಕೂಗ್ತೀನಿ" ಎಂದಳಂತೆ.

ಹಾಗೆಂದು ಆಯಮ್ಮ ಹೊರಗಿನವರ ಪರವಾಗಿ ಮಾತ್ರ ಹೀಗೆ ಕೇಳುತ್ತಿದ್ದಳು ಎಂದಲ್ಲ. ಟೀಚರಮ್ಮ ಕಲ್ಲೆದೆಯವಳು, ಗಂಡನನ್ನು ಹೆದರಿಸಿ ಮೂಲೆಯಲ್ಲಿ ಇಟ್ಟಿದ್ದಾಳೆ ಎಂದು ನಾವು ಹೇಳಿದಾಗಲೂ ಅದೇ ಪ್ರಶ್ನೆ. ಟೀಚರಮ್ಮನ ಮನೆಯಲ್ಲಿ ನಾವು ಯಾರೂ ಉಂಡಿರಲಿಲ್ಲ. ಆಯಮ್ಮ ನಮ್ಮನ್ನು ಕಟ್ಟಿಕೊಂಡು ಒಂದು ಸಂಜೆ ಹೋದಳು. ನೋಡಿದರೆ ಒಲೆಯ ಮುಂದೆ ಗಂಡ. ಟೀಚರಮ್ಮನಿಗೆ ಅಡಿಗೆಯೇ ಬರುವುದಿಲ್ಲ. ಆತ ಸೌಟು ಹಿಡಿದುಕೊಂಡು "ಎಲೆ ಮೇಲೆ ಒಂದಗುಳೂ ಬಿಡೋ ಹಾಗಿಲ್ಲ" ಎಂದು ನಮ್ಮನ್ನೇ ಹೆದರಿಸಿದ. ಟೀಚರಮ್ಮ ಅವನ ಪಕ್ಕದಲ್ಲಿ ಹೊಸ ಸೊಸೆಯ ಹಾಗೆ ನೀರಿನ ಲೋಟ ಹಿಡಿದು ನಿಂತಿದ್ದಳು. ಅಷ್ಟು ರುಚಿಯಾದ ಕೋಳಿಸಾರನ್ನು ನಾನು ಆಮೇಲೆ ತಿಂದಿಲ್ಲ.

ಆಯಮ್ಮ ಸಂತಳೇನಲ್ಲ. ಅವಳ ಬೈಬಲ್ ಪ್ರಸಂಗ ಉದ್ದ. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದಳು. ಸಾರಿಗೆ ಅವಳು ಹಾಕುವ ಖಾರ ತಿಂದರೆ ಕಿವಿ ಬಿಸಿಯಾಗುತ್ತಿತ್ತು. ನಮ್ಮ ಮಾತು ಅವಳಿಗೆ ಕಡೆಯವರೆಗೂ ಅರ್ಧಂಬರ್ಧ. ನಾವು ಹಳ್ಳಿಯ ಹೆಂಗಸರು ಮಾತಿನಲ್ಲಿ ಹಕಾರ ಬಿಡುತ್ತೇವೆ. ಹಾಲು ನಮ್ಮ ಬಾಯಲ್ಲಿ ಆಲು, ಹೆಮ್ಮರಗಾಲ ಎಂಬ ಊರು ಎಮ್ಮರಗಾಲ. ಇದರಿಂದಲೇ ಆ ಫಜೀತಿ ಆದದ್ದು.

ಆಯಮ್ಮ ಬಂದು ಇನ್ನೂ ಹೊಸತು. ರಾಹೇಲಮ್ಮನ ಮನೆಯಲ್ಲಿ ಪ್ರಾರ್ಥನೆ. ನಾವೆಲ್ಲ ಕಣ್ಣು ಮುಚ್ಚಿ ಕೂತಿದ್ದೆವು. ರಾಹೇಲಮ್ಮ ಅಳುತ್ತ ದನಿ ತೆಗೆದಳು.

"ಸ್ವಾಮೀ, ನನ್ ಮಗ್ಳುನ್ನ ಅರಸಪ್ಪಾ. ಅವ್ಳ್ ಗಂಡುನ್ನ ಅರಸಪ್ಪಾ. ಅವ್ಳ್ ಮನೆನ ಅರಸಪ್ಪಾ."

ಆಮೆನ್ ಆಗುವುದೇ ತಡ, ಆಯಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

"ಕಳದು ಎಷ್ಟು ದಿನಾ ಆಯ್ತ್ರಿ?"

"ಏನು?"

"ನಿಮ್ಮ ಮಗಳು. ಗಂಡನೂ ಕೂಡೇ ಕಳದಾನೇನು? ಪೊಲೀಸ್ರಿಗಿ ಹೇಳೀರಿಲ್ಲ?" ಸ್ವಲ್ಪ ಯೋಚನೆ ಮಾಡಿ ಮತ್ತೆ ಕೇಳಿದಳು. "ಮನಿ ಹೆಂಗ ಕಳೀತ್ರಿ?"

ರಾಹೇಲಮ್ಮ ನನ್ನ ಮುಖ ನೋಡಿದಳು. ನಾನೇ ಹೇಳಬೇಕಾಯಿತು. "ಯಾರೂ ಕಳ್ದೋಗಿಲ್ಲ ಕನಮ್ಮ. ಅವ್ಳು ಸೋಸಲೇಲಿ ಸಂದಾಗವ್ಳೆ."

"ಮತ್ತ ಅರಸು ಅರಸು ಅಂತ ದೇವರಿಗಿ ಹೇಳಿದ್ರಲ್ಲ? ಅರಸೂದು ಅಂದ್ರ ಹುಡುಕೂದು."

"ಉಡುಕಾದಲ್ಲ ಕನಮ್ಮ, ಅರಸಾದು. ಆಶೀರ್ವಾದ ಮಾಡಾದು."

"ಓ, ಹರಸು."

"ಊ, ಅರಸು."

"ಹರಸು."

"ಅದೇ ಕನಮ್ಮ ನಾನೂ ಅಂದಿದ್ದು, ಅರಸು" ಎಂದಳು ರಾಹೇಲಮ್ಮ.

ಆಯಮ್ಮ ಬಿದ್ದು ಬಿದ್ದು ನಕ್ಕಳು. ಬಳೆಗಳೂ ನಕ್ಕವು. ಅಳುತ್ತಿದ್ದ ರಾಹೇಲಮ್ಮನೂ ನಕ್ಕಳು. ಆಮೇಲೆ ಆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳ ಮನೆಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದಳು. ಎಲ್ಲ ಕಥೆ ಹೊರಗೆ ಬಂತು, ಕುಂಕುಮ, ಬಸ್ ಸ್ಟ್ಯಾಂಡು, ನೀರು ಮುಟ್ಟದ ಮಾತು.

"ನೀವು ಹ ನುಂಗಿದ್ದೇ ಛಲೋ ಆಯ್ತು ನೋಡ್ರಿ" ಎಂದಳು ಆಯಮ್ಮ. "ಹರಸೂದು ದೇವರ ಕೆಲಸ, ಅಂವ ಮಾಡ್ತಾನ. ಅರಸೂದು ನಮ್ಮ ಕೆಲಸ. ಅದನ್ನೂ ಅವನ ತಲಿ ಮ್ಯಾಲ ಹಾಕಬ್ಯಾಡ್ರಿ."

ಆಯಮ್ಮ ಸಂಘದಲ್ಲಿ ಸೋಸಲೆಗೆ ಹೋಗುವ ಮಾತು ಎತ್ತಿದಾಗ ಟೀಚರಮ್ಮ ಬಗ್ಗಲಿಲ್ಲ. "ಅದು ಮುಗಿದ ವಿಷಯ. ಅವಳು ಆ ಮನೆ ಪದ್ಧತಿಗೇ ಹೋಗ್ಬಿಟ್ಟಿದಾಳೆ. ಬೈಬಲ್‌ನ ಅಟ್ಟಕ್ಕೆ ಎಸೆದಿರ್ತಾರೆ" ಎಂದಳು.

"ಆಕಿ ಮನ್ಯಾಗ ಉಂಡೀರೇನ್ರಿ?"

"ಅಲ್ಲಿ ನಾನ್ಯಾಕೆ ಉಣ್ಣಲಿ?"

"ಬಸ್ಸು ಫ್ರೀ ಅದ, ಊಟ ಫ್ರೀ ಅದ. ನಿಮ್ಮ ಸಿಟ್ಟಿಗಷ್ಟೇ ಖರ್ಚು. ಬರ್ರಿ."

ಟೀಚರಮ್ಮ ಯಾಕೆ ಹೊರಟಳೋ ಗೊತ್ತಿಲ್ಲ. ತನ್ನ ಮಾತೇ ನಿಜವೆಂದು ತೋರಿಸಲು ಹೊರಟಳು ಎಂದು ನನ್ನ ಲೆಕ್ಕ. ಎಲ್ಲರಿಗೂ ಬಿಡುವಿರುವ ದಿನ ಎಂದು ಆಯಮ್ಮ ಒಂದು ಸೋಮವಾರ ಗೊತ್ತು ಮಾಡಿದಳು. ರೂತ್‌ಗೆ ಫೋನು ಮಾಡಿದ್ದೂ ಅವಳೇ. ನರಸೀಪುರದಲ್ಲಿ ಇಳಿದು ಸೋಸಲೆ ಬಸ್ಸಿಗೆ ಕಾಯುವಾಗ ಬಾಳೆಹಣ್ಣು ಕೊಂಡಳು, ಎರಡು ಮೊಳ ಮಲ್ಲಿಗೆಯನ್ನೂ ಕೊಂಡಳು. "ಹೂವು ಯಾಕೆ? ನಾವು ಮುಡಿಯಲ್ಲ" ಎಂದಳು ಟೀಚರಮ್ಮ. "ನಮಗಲ್ಲರಿ, ಅವರು ಮುಡೀತಾರ" ಎಂದು ಆಯಮ್ಮ ಹೂವನ್ನು ಟೀಚರಮ್ಮನ ಕೈಯಲ್ಲೇ ಇಟ್ಟಳು. ರಾಹೇಲಮ್ಮ ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ. ನನ್ನ ಬೆರಳು ಜೋಮು ಹಿಡಿದಿತ್ತು.

ಹೋಗಿ ನೋಡಿದರೆ ಅದು ಕಾರ್ತಿಕ ಸೋಮವಾರ. ಆ ಮನೆಯಲ್ಲಿ ದೇವರಿಗೆ ಎಡೆ ಇಡುವ ದಿನ. ಬೀದರಿನವಳಿಗೆ ಆ ಮನೆಯ ಪದ್ಧತಿ ಏನು ಗೊತ್ತು. ನಮಗೆ ಯಾರಿಗೂ ಹೊಳೆಯಲಿಲ್ಲ. ಒಳಗೆ ಗಂಧದಕಡ್ಡಿಯ ಹೊಗೆ, ದೇವರ ಪಟದ ಮುಂದೆ ಎಲೆ, ಎಲೆ ತುಂಬ ಅಡಿಗೆ. ರೂತ್ ಬಾಗಿಲಲ್ಲಿ ನಿಂತಿದ್ದಳು. ಹಣೆಯಲ್ಲಿ ಕುಂಕುಮ, ಕಣ್ಣಲ್ಲಿ ನೀರು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು, ಮುಟ್ಟಲಿಲ್ಲ. ಮಧ್ಯೆ ಬೀಗಿತ್ತಿ ಇದ್ದಳು. ಕಡ್ಡಿಯ ಹಾಗಿರುವ ಹೆಂಗಸು, ದನಿ ಮಾತ್ರ ಗಂಡಸಿನದು.

"ಬನ್ನಿ ಬನ್ನಿ. ಮೂರು ವರ್ಸಕ್ಕೆ ದಾರಿ ಗೊತ್ತಾಯ್ತಾ?"

ಕೂರಿಸಿದಳು. ಎಲೆ ಹಾಕಿದಳು. ಮುದ್ದೆ, ಅವರೆಕಾಳಿನ ಸಾರು, ಅನ್ನ, ಪಾಯಸ. ಬಡಿಸಿದ್ದಾಯಿತು. ಆಯಮ್ಮ ನಾವು ಕೈ ಹಾಕಲಿ ಎಂದು ಕಾಯುತ್ತಿದ್ದಳು. ನಾವು ಟೀಚರಮ್ಮನ ಕೈ ನೋಡುತ್ತಿದ್ದೆವು. ಟೀಚರಮ್ಮ ದೇವರ ಮುಂದಿನ ಎಡೆ ನೋಡುತ್ತಿದ್ದಳು. ಅವಳ ಕೈ ಮಡಿಲಿನಲ್ಲೇ ಇತ್ತು. ಇವಳು ಈಗ ಎದ್ದರೆ ರಾಹೇಲಮ್ಮನಿಗೆ ಇನ್ನು ಮಗಳಿಲ್ಲ ಎಂದುಕೊಂಡೆ.

"ಯಾಕವ್ವ, ಯಾರೂ ಕೈ ಇಕ್ಕಿಲ್ಲ?" ಎಂದಳು ಬೀಗಿತ್ತಿ.

ರೂತ್ ಮೆಲ್ಲಗೆ, "ಎಡೆಗಿಟ್ಟಿದ್ದುನ್ನ ಅವ್ರು ಉಣ್ಣಾಕಿಲ್ಲ, ಅತ್ತೆ" ಎಂದಳು.

"ಅಷ್ಟೂ ತಿಳೀದಾ ನಂಗೆ? ನೀನು ಈ ಮನೆಗೆ ಕಾಲಿಟ್ಟ ದಿನ್ವೇ ಏಳಿದ್ದೆ. ಅವತ್ತಿಂದ ನಿಂಗೂ ತೆಗ್ದೇ ಇಡ್ತಿವ್ನಲ್ವಾ." ಬೀಗಿತ್ತಿ ನಮ್ಮ ಕಡೆ ತಿರುಗಿದಳು. "ಇದು ಬ್ಯಾರೆ ಪಾತ್ರೆದು ಕನ್ರವ್ವ. ಎಡೆ ಇಕ್ಕಾಕೆ ಮುಂಚೆನೇ ನಿಮ್ದು ತೆಗ್ದಿಟ್ಟಿವ್ನಿ. ದೇವ್ರು ನಮ್ಮನೆಯವ್ನು, ವಸಿ ಕಾಯ್ತಾನೆ. ನೀವು ನೆಂಟ್ರು. ಉಣ್ಣಿ."

ಗೂಡಿನಲ್ಲಿ ದೀಪದ ಎಣ್ಣೆಯ ಪಕ್ಕ ರೂತಳ ಬೈಬಲ್ ಇತ್ತು, ಧೂಳಿಲ್ಲದೆ. ಅದನ್ನು ನಾನೂ ನೋಡಿದೆ, ಟೀಚರಮ್ಮನೂ ನೋಡಿದಳು. ಅವಳು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು, ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿ ನುಂಗಿದಳು. ಆಮೇಲೆ ನಮ್ಮೆಲ್ಲರ ಕೈ ಒಟ್ಟಿಗೆ ಎಲೆಗೆ ಹೋಯಿತು.

"ಈಗ ಉಂಡೀರಿ. ಏನರೇ ಅನ್ನೂದಿದ್ರ ಅನ್ರಿ" ಎಂದಳು ಆಯಮ್ಮ.

ಟೀಚರಮ್ಮ ಯೋಚನೆ ಮಾಡಿದಳು. "ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ."

"ನಿಮ್ ಉಡ್ಗೀನೇ ಆಕಿದ್ದು, ನನ್ನ ಅನ್ಬೇಡಿ" ಎಂದಳು ಬೀಗಿತ್ತಿ. ರಾಹೇಲಮ್ಮ ನಕ್ಕಳು. ಬೀಗಿತ್ತಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಅಲ್ಲ ಕನಕ್ಕ, ನಮ್ಮನೆ ನೀರು ಮುಟ್ಟಾಕಿಲ್ಲ ಅಂದ್ರಂತಲ್ಲ ನೀವು" ಎಂದಳು. "ನಾನಾ? ನೀವಂದ್ರಿ ಅಂತ ನಂಗೇಳಿದ್ರು" ಎಂದಳು ರಾಹೇಲಮ್ಮ. ಯಾರು ಹೇಳಿದರು ಎಂದು ಇಬ್ಬರೂ ಹುಡುಕಿದರು. ಹೆಸರು ಸಿಗಲಿಲ್ಲ. ಬೀಗಿತ್ತಿ ಎದ್ದು ಹೋಗಿ ಒಂದು ಚೊಂಬು ನೀರು ತಂದು ಮುಂದಿಟ್ಟಳು. ರಾಹೇಲಮ್ಮ ಎತ್ತಿ ಪೂರ್ತಿ ಕುಡಿದಳು. ಅಷ್ಟು ನೀರು ಒಬ್ಬಳು ಒಂದೇ ಉಸಿರಿಗೆ ಕುಡಿದದ್ದನ್ನು ನಾನು ನೋಡಿಲ್ಲ. ಮಗಳು ಬಂದು ಬೆನ್ನು ಸವರಿದಳು, ನೆತ್ತಿಗೆ ಹತ್ತೀತು ಎಂದು.

ಹೊರಡುವಾಗ ಟೀಚರಮ್ಮ ಹೂವನ್ನು ಬೀಗಿತ್ತಿಗೆ ಕೊಟ್ಟು, ರೂತಳ ಮುಂದೆ ನಿಂತಳು. "ಮುಂದಿನ ಭಾನುವಾರ ಸ್ತ್ರೀಯರ ಭಾನುವಾರ, ಹಾಡೆಲ್ಲ ನಮ್ಮ ಸಂಘದ್ದು. ಹಾಡು ಎತ್ತಿಕೊಡೋರು ಯಾರೂ ಇಲ್ಲ."

"ನಾನು ಒರ್ಸ್ಕಂಡು ಬರಾಕಿಲ್ಲ, ಟೀಚರ್" ಎಂದಳು ರೂತ್. ತಲೆ ತಗ್ಗಿಸಲಿಲ್ಲ.

"ಹಾಡೋದು ಬಾಯಿ" ಎಂದಳು ಟೀಚರಮ್ಮ. "ಒಂಬತ್ತಕ್ಕೇ ಬಾ. ತಡವಾಗಿ ಬಂದ್ರೆ ಕಾರಣ ಹೇಳ್ಬೇಕು."

ಆ ಭಾನುವಾರ ಬೀಗಿತ್ತಿಯೂ ಬಂದಳು, ಸೊಸೆಯನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು. ತಲೆ ತುಂಬ ಮಲ್ಲಿಗೆ. ಚಪ್ಪಲಿ ಹೊರಗೆ ಬಿಟ್ಟು ನೇರವಾಗಿ ಹೋಗಿ ಮುಂದಿನ ಬೆಂಚಿನಲ್ಲಿ ರಾಹೇಲಮ್ಮನಿಗೆ ಒತ್ತಿಕೊಂಡು ಕೂತಳು. ರೂತ್ ಎದ್ದು ನಿಂತಳು. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಹಣೆ ನೋಡಿ ಪಿಸುಗುಟ್ಟಿದರು. ಟೀಚರಮ್ಮ ತಿರುಗಿ ನೋಡಿದ ಮೇಲೆ ಅದೂ ನಿಂತಿತು. ರೂತ್ ಹಾಡು ಎತ್ತಿದಳು. ನಾನು ಅಳುವವಳಲ್ಲ, ಆದ್ದರಿಂದ ಅಳಲಿಲ್ಲ. ರಾಹೇಲಮ್ಮ ಹಾಡುವುದನ್ನು ಬಿಟ್ಟು ಮಗಳ ಬಾಯಿಯನ್ನೇ ನೋಡುತ್ತ ಕೂತಿದ್ದಳು.

ಹಾಡು ಮುಗಿಯಿತು. ಪಾದ್ರಿ ಅಯ್ಯನವರು ಪ್ರಾರ್ಥನೆಗೆ ಏಳಬೇಕು, ಅಷ್ಟರಲ್ಲಿ ಬೀಗಿತ್ತಿ ಎದ್ದಳು. "ಇನ್ನೊಂದ್ಸಲ ಆಡ್ಸಿ, ಟೀಚರಮ್ಮ" ಎಂದಳು ಆ ಗಂಡಸಿನ ದನಿಯಲ್ಲಿ. ಆರಾಧನೆಯಲ್ಲಿ ಹಾಗೆ ಕೇಳುವ ಪದ್ಧತಿ ಇಲ್ಲ. ಅಯ್ಯನವರು ಟೀಚರಮ್ಮನನ್ನು ನೋಡಿದರು. ಟೀಚರಮ್ಮ ರೂತಳಿಗೆ ಹೂಂ ಎಂದು ತಲೆ ಆಡಿಸಿದಳು. ಎರಡನೇ ಸಲ ಹಾಡಿದ್ದಾಯಿತು. ಈ ಸಲ ಬೀಗಿತ್ತಿ ಚಪ್ಪಾಳೆ ತಟ್ಟಿದಳು, ತಾಳಕ್ಕೆ ಸೇರದ ಹಾಗೆ.

ಇಷ್ಟಕ್ಕೆಲ್ಲ ಕಾರಣಳಾದ ಆಯಮ್ಮ ಒಳಗೆ ಇರಲೇ ಇಲ್ಲ. ಹಿಂದಿನ ಶೆಡ್ಡಿನಲ್ಲಿ ಎಲ್ಲರ ಊಟಕ್ಕೆ ಅನ್ನ ಬೇಯಿಸುತ್ತಿದ್ದಳು. ಎಲ್ಲ ಮುಗಿದು ನಾವು ಕೂತ ಮೇಲೆ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಸೌಟು, ಮುಖವೆಲ್ಲ ಬೆವರು.

"ಶುರು ಆಯ್ತೇನ್ರಿ?"

ಇಡೀ ಚರ್ಚು ನಕ್ಕಿತು. ಅಯ್ಯನವರೂ ನಕ್ಕರು. ರೂತ್ ಯಾರನ್ನೂ ಕೇಳಲಿಲ್ಲ, ಮೂರನೇ ಸಲ ಎತ್ತಿದಳು. ಆಯಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಒರಗಿ ನಿಂತು, ಬಾರದ ರಾಗದಲ್ಲಿ ತಾನೂ ಜೊತೆಗೆ ಹಾಡಿದಳು, ಕೊನೆಯ ಚರಣದವರೆಗೂ.

ಆವತ್ತು ಅನ್ನ ತಳ ಹಿಡಿಯಿತು. ಎಲ್ಲರೂ ಉಂಡರು.